ಸ್ಪರ್ಧಾ ಆಯೋಗಕ್ಕೆ ದೂರು ಒಯ್ಯುವುದು ಹೇಗೆ: ಸಣ್ಣ ವ್ಯಾಪಾರಿಗಳಿಗೂ ಗ್ರಾಹಕ ಸಂಘಗಳಿಗೂ ಒಂದು ಮಾರ್ಗದರ್ಶಿ

ಜಲ್ಲಿ ಬೇಕೆಂದು ನಾಲ್ಕು ಕ್ರಷರ್‌ಗಳಿಗೆ ಫೋನ್ ಮಾಡಿದರೆ ನಾಲ್ವರೂ ಒಂದೇ ರೇಟು ಹೇಳುತ್ತಾರೆ, ಅದೂ ಒಂದೇ ದಿನ ಏರಿದ ರೇಟು. ಸಂಘದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ತರದೆ ಔಷಧ ಕಂಪನಿ ಸ್ಟಾಕಿಸ್ಟ್‌ಶಿಪ್ (ಸಗಟು ವಿತರಣೆ) ಕೊಡುವುದಿಲ್ಲ. ಡೀಲರ್ ತನ್ನ ಮಾರ್ಜಿನ್‌ನಲ್ಲೇ ಗ್ರಾಹಕನಿಗೆ ಒಂದಿಷ್ಟು ಬಿಟ್ಟುಕೊಟ್ಟರೂ ಕಂಪನಿ ಅವನಿಗೆ ದಂಡ ಹಾಕುತ್ತದೆ. ಇಂಥದ್ದು ಎದುರಾದಾಗ ನಮ್ಮಲ್ಲಿ ಹೆಚ್ಚಿನವರು ಸಹಿಸಿಕೊಳ್ಳುತ್ತಾರೆ, ಇಲ್ಲವೇ ಜಿಲ್ಲಾಧಿಕಾರಿಗೊಂದು ಮನವಿ ಕೊಟ್ಟು ಸುಮ್ಮನಾಗುತ್ತಾರೆ. ಆದರೆ ಇದಕ್ಕೆಂದೇ ಒಂದು ಕಾನೂನು ಇದೆ, ಸ್ಪರ್ಧಾ ಕಾಯ್ದೆ, 2002. ಅದನ್ನು ಜಾರಿ ಮಾಡಲೆಂದೇ ದೆಹಲಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಅಂದರೆ ಸಿಸಿಐ ಇದೆ.

ಅಲ್ಲಿಗೆ ಹೋಗುವ ಮುನ್ನ ಒಂದು ಮಾತು ಮನಸ್ಸಿನಲ್ಲಿರಲಿ. ಆಯೋಗ ನಿಮ್ಮ ನಷ್ಟವನ್ನು ತುಂಬಿಕೊಡುವ ಕೋರ್ಟಲ್ಲ. ನಿಮಗೆ ಆದ ಅನ್ಯಾಯದಿಂದ ಇಡೀ ಮಾರುಕಟ್ಟೆಗೆ ಏನು ಪೆಟ್ಟು ಬಿತ್ತು ಎಂಬುದನ್ನಷ್ಟೇ ಅದು ನೋಡುತ್ತದೆ. ಆಯೋಗಕ್ಕೆ ಹೋದ ಎಷ್ಟೋ ದೂರುಗಳು ತನಿಖೆಯ ಹಂತಕ್ಕೂ ಬಾರದೆ ಮುಚ್ಚಿಹೋಗುವುದು ಈ ವ್ಯತ್ಯಾಸ ತಿಳಿಯದೆ ಬರೆದಿದ್ದರಿಂದ. ಕಾಯ್ದೆ ಕೂಡ ದೂರು ಕೊಡುವವರನ್ನು ದೂರುದಾರ ಎನ್ನುವುದಿಲ್ಲ, ಮಾಹಿತಿದಾರ ಎನ್ನುತ್ತದೆ. ನೀವು ಸಲ್ಲಿಸುವುದು 19ನೇ ಕಲಂನ ಅಡಿ ‘ಮಾಹಿತಿ’.

ಆಯೋಗದಲ್ಲಿ ಕೂರುವವರು ಯಾರು

ನಿಮ್ಮ ಕಡತ ಯಾರ ಮೇಜಿಗೆ ಹೋಗುತ್ತದೆ ಎಂಬುದು ಗೊತ್ತಿದ್ದರೆ ಅರ್ಜಿ ಬರೆಯುವ ರೀತಿಯೇ ಬದಲಾಗುತ್ತದೆ. ಕಾಯ್ದೆಯ ಪ್ರಕಾರ ಆಯೋಗದಲ್ಲಿ ಒಬ್ಬ ಅಧ್ಯಕ್ಷರು, ಕನಿಷ್ಠ ಇಬ್ಬರು, ಹೆಚ್ಚೆಂದರೆ ಆರು ಸದಸ್ಯರು ಇರಬಹುದು. 2018ರಲ್ಲಿ ಕೇಂದ್ರ ಸಂಪುಟ ಈ ಸಂಖ್ಯೆಯನ್ನು ಒಬ್ಬ ಅಧ್ಯಕ್ಷರು ಮತ್ತು ಮೂವರು ಸದಸ್ಯರಿಗೆ ಇಳಿಸಿತು. ಅರ್ಥಶಾಸ್ತ್ರ, ವಾಣಿಜ್ಯ, ಕಾನೂನು, ಹಣಕಾಸು, ಆಡಳಿತ ಮುಂತಾದ ಕ್ಷೇತ್ರಗಳಲ್ಲಿ ಕನಿಷ್ಠ 15 ವರ್ಷದ ಅನುಭವ ಇರಬೇಕು. ಹೆಸರುಗಳನ್ನು ಶಿಫಾರಸು ಮಾಡುವ ಸಮಿತಿಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದವರು ಮುಖ್ಯಸ್ಥರು. ಅವಧಿ ಐದು ವರ್ಷ, ವಯೋಮಿತಿ 65. ಹುದ್ದೆ ಬಿಟ್ಟ ಮೇಲೂ ಎರಡು ವರ್ಷ, ತಮ್ಮ ಮುಂದೆ ಪ್ರಕರಣ ಇದ್ದ ಕಂಪನಿಯಲ್ಲಿ ಕೆಲಸಕ್ಕೆ ಸೇರುವಂತಿಲ್ಲ. ನಿನ್ನೆ ತೀರ್ಪು ಕೊಟ್ಟವರು ನಾಳೆ ಅದೇ ಕಂಪನಿಯ ಪಡಸಾಲೆಯಲ್ಲಿ ಕೂರಬಾರದಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ, ಅದಕ್ಕೆ ನಾವು ಕೊಡಬೇಕಾದಷ್ಟು ಗಮನ ಕೊಟ್ಟಿಲ್ಲ. ಆಯೋಗದ ಸಭೆಗೆ ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಜನ, ಮೂರು. ಒಟ್ಟು ಕುರ್ಚಿಗಳು ನಾಲ್ಕು. ಎರಡು ಕುರ್ಚಿ ಖಾಲಿಯಾದರೆ ಆಯೋಗವೇ ನಿಂತುಹೋಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಅಶೋಕ್ ಕುಮಾರ್ ಗುಪ್ತಾ ನಿವೃತ್ತರಾದಾಗ ಉಳಿದವರು ಇಬ್ಬರೇ ಸದಸ್ಯರು. ಕೋರಂ ಇಲ್ಲದೆ ಆದೇಶ ಹೊರಡಿಸುವಂತಿರಲಿಲ್ಲ, ಕಂಪನಿಗಳ ವಿಲೀನದ ಅರ್ಜಿಗಳೂ ಕಾದು ಕೂತವು. ಕೊನೆಗೆ 2023ರ ಫೆಬ್ರವರಿಯಲ್ಲಿ, ಬೇರೆ ದಾರಿಯೇ ಇಲ್ಲದಾಗ ನಿಯಮ ಸಡಿಲಿಸಬಹುದು ಎಂಬ ‘ಅನಿವಾರ್ಯತೆಯ ತತ್ತ್ವ’ದ ಆಧಾರದ ಮೇಲೆ ಇಬ್ಬರೇ ಕೂತು ವಿಲೀನಗಳಿಗೆ ಒಪ್ಪಿಗೆ ಕೊಡತೊಡಗಿದರು. 2023ರ ಮೇ ತಿಂಗಳಲ್ಲಿ ಐಎಎಸ್ ಅಧಿಕಾರಿ ರವನೀತ್ ಕೌರ್ ಅಧ್ಯಕ್ಷರಾಗಿ ಬರುವವರೆಗೆ ಏಳು ತಿಂಗಳು ಪೂರ್ಣಾವಧಿ ಅಧ್ಯಕ್ಷರೇ ಇರಲಿಲ್ಲ. ದೇಶದ ಮಾರುಕಟ್ಟೆ ಕಾಯುವ ಸಂಸ್ಥೆಯನ್ನು ಹೀಗೆ ಬಿಡುವುದು ತಪ್ಪು, ಅದನ್ನು ಗಟ್ಟಿಯಾಗಿಯೇ ಹೇಳಬೇಕು. ನಿಮ್ಮ ಮಟ್ಟಿಗೆ ಇದರ ಅರ್ಥ ಇಷ್ಟು: ಅರ್ಜಿ ಹಾಕುವ ಮುನ್ನ ಆಯೋಗದ ಜಾಲತಾಣದಲ್ಲಿ ಸದಸ್ಯರ ಪಟ್ಟಿ ನೋಡಿ. ಯಾರ ಅವಧಿ ಯಾವಾಗ ಮುಗಿಯುತ್ತದೆ ಎಂಬುದು ಮುಖ್ಯ, ಏಕೆಂದರೆ ಅಂತಿಮ ವಿಚಾರಣೆ ಶುರುವಾದ ಮೇಲೆ ಪೀಠ ಬದಲಾಗಬಾರದು ಎಂದು ದೆಹಲಿ ಹೈಕೋರ್ಟ್ 2019ರಲ್ಲಿ ಹೇಳಿದೆ. ಮಧ್ಯದಲ್ಲಿ ಒಬ್ಬರು ನಿವೃತ್ತರಾದರೆ ವಾದ ಮತ್ತೆ ಮೊದಲಿನಿಂದ ಶುರುವಾಗಬಹುದು.

ತನಿಖೆ ಮಾಡುವವರು ಬೇರೆ. ಅವರೇ ಮಹಾನಿರ್ದೇಶಕರು, ಎಲ್ಲರೂ ಡಿಜಿ ಎನ್ನುತ್ತಾರೆ. ಆಯೋಗ ಹೇಳದೆ ಡಿಜಿ ತನಿಖೆ ಶುರು ಮಾಡುವಂತಿಲ್ಲ, ಆದ್ದರಿಂದ ನೇರವಾಗಿ ಡಿಜಿ ಕಚೇರಿಗೆ ಪತ್ರ ಬರೆದು ಪ್ರಯೋಜನವಿಲ್ಲ.

ಮೊದಲ ಹೆಜ್ಜೆ: ಬಾಗಿಲು ಸರಿಯೇ ಎಂದು ನೋಡಿ

ಒಂದು ಫ್ರಿಜ್ ಕೆಟ್ಟರೆ, ಬಿಲ್ಡರ್ ಒಬ್ಬ ಫ್ಲಾಟ್ ತಡ ಮಾಡಿದರೆ, ಕಂಪನಿ ನಿಮ್ಮೊಬ್ಬರ ಡೀಲರ್‌ಶಿಪ್ ರದ್ದು ಮಾಡಿದರೆ ಅದು ಆಯೋಗದ ಕೆಲಸವಲ್ಲ. ಗ್ರಾಹಕ ಆಯೋಗ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ), ಸಿವಿಲ್ ಕೋರ್ಟ್ ಇವೆ. ಟೆಲಿಕಾಂನಂಥ ಕ್ಷೇತ್ರದಲ್ಲಿ ಅದರ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಮೊದಲು ತೀರ್ಮಾನಿಸಬೇಕಾದ ತಾಂತ್ರಿಕ ಪ್ರಶ್ನೆಗಳಿದ್ದರೆ ಆಯೋಗ ಆಮೇಲೆ ಬರಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಭಾರ್ತಿ ಏರ್‌ಟೆಲ್ ಪ್ರಕರಣದಲ್ಲಿ ಹೇಳಿದೆ.

ಪರೀಕ್ಷೆಗೆ ಒಂದೇ ಪ್ರಶ್ನೆ ಸಾಕು: ನನ್ನನ್ನು ಈ ಚಿತ್ರದಿಂದ ತೆಗೆದುಬಿಟ್ಟರೂ ಸಮಸ್ಯೆ ಉಳಿಯುತ್ತದೆಯೇ? ಉಳಿದರೆ ಮುಂದೆ ಹೋಗಿ.

ನೀವು ನೇರವಾಗಿ ಪೆಟ್ಟು ತಿಂದವರೇ ಆಗಿರಬೇಕೆಂದಿಲ್ಲ. ಓಲಾ, ಊಬರ್ ದರದ ವಿರುದ್ಧ ವಕೀಲರೊಬ್ಬರು ಕೊಟ್ಟ ಮಾಹಿತಿಯ ಪ್ರಕರಣದಲ್ಲಿ, ಯಾರು ಬೇಕಾದರೂ ಮಾಹಿತಿ ಸಲ್ಲಿಸಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಅವರ ಅರ್ಜಿ ಮಾತ್ರ ವಿಷಯದ ಮೇಲೆ ಬಿದ್ದುಹೋಯಿತು, ಚಾಲಕರ ನಡುವೆ ಒಳಒಪ್ಪಂದ ಇದ್ದದ್ದು ಕಾಣಲಿಲ್ಲ ಎಂಬ ಕಾರಣಕ್ಕೆ.

ಎರಡನೆಯದು: ಯಾವ ಕಲಂ

ಮೂರು ದಾರಿಗಳಿವೆ. ದಾರಿ ತಪ್ಪಿದರೆ ಸಾಬೀತು ಮಾಡಬೇಕಾದ ಹೊರೆಯೇ ಬದಲಾಗುತ್ತದೆ.

ಒಂದೇ ವ್ಯಾಪಾರದ ಪ್ರತಿಸ್ಪರ್ಧಿಗಳು ಸೇರಿ ರೇಟು ಕಟ್ಟುವುದು, ಮಾಲು ತಡೆಯುವುದು, ಊರು ಹಂಚಿಕೊಳ್ಳುವುದು, ಟೆಂಡರ್ ಸೆಟ್ಟಿಂಗ್ ಮಾಡುವುದು 3(3)ರ ಕೆಳಗೆ ಬರುತ್ತದೆ. ಒಪ್ಪಂದ ಇತ್ತೆಂದು ತೋರಿಸಿದರೆ ಸ್ಪರ್ಧೆಗೆ ಹಾನಿಯಾಗಿದೆ ಎಂದು ಕಾನೂನೇ ಊಹಿಸಿಕೊಳ್ಳುತ್ತದೆ. ಅಲ್ಲ ಎಂದು ತೋರಿಸುವ ಹೊಣೆ ಅವರ ಮೇಲೆ. ಸಂಘ ಹೊರಡಿಸುವ ಬಹಿಷ್ಕಾರವೂ ಇಲ್ಲಿಗೇ ಬರುತ್ತದೆ.

ಕಂಪನಿ ಮತ್ತು ಡೀಲರ್ ನಡುವಿನದು 3(4). ಇಂಥವರಿಗೆ ಮಾತ್ರ ಮಾರು, ಇಷ್ಟಕ್ಕಿಂತ ಕಡಿಮೆಗೆ ಮಾರಬೇಡ, ಇದನ್ನು ಕೊಂಡರೆ ಅದನ್ನೂ ಕೊಳ್ಳಲೇಬೇಕು ಎಂಬಂಥವು. ಇಲ್ಲಿ ಹಾನಿಯನ್ನು ನೀವೇ ತೋರಿಸಬೇಕು. ಡೀಲರ್‌ಗಳು ರಿಯಾಯಿತಿ ಕೊಡದಂತೆ ತಡೆದದ್ದಕ್ಕೆ ಮಾರುತಿ ಸುಜುಕಿಗೆ ಆಯೋಗ 2021ರ ಆಗಸ್ಟ್‌ನಲ್ಲಿ 200 ಕೋಟಿ ರೂಪಾಯಿ ದಂಡ ಹಾಕಿತು. ಆ ಪ್ರಕರಣ ಶುರುವಾದದ್ದು ಡೀಲರ್ ಒಬ್ಬರದು ಎನ್ನಲಾದ, ಹೆಸರಿಲ್ಲದ ಒಂದು ಇ-ಮೇಲ್‌ನಿಂದ. ಗ್ರಾಹಕರ ವೇಷದಲ್ಲಿ ಷೋರೂಮಿಗೆ ಜನರನ್ನು ಕಳುಹಿಸಿ, ರಿಯಾಯಿತಿ ಕೊಟ್ಟ ಡೀಲರನ್ನು ಹಿಡಿಯುತ್ತಿದ್ದ ವ್ಯವಸ್ಥೆ ತನಿಖೆಯಲ್ಲಿ ಹೊರಬಂತು.

ಒಬ್ಬನೇ ದೊಡ್ಡವನು ತನ್ನ ಬಲ ದುರುಪಯೋಗ ಮಾಡಿದರೆ 4ನೇ ಕಲಂ. ಇದು ಮೂರರಲ್ಲಿ ಅತ್ಯಂತ ಕಷ್ಟದ್ದು. ದೊಡ್ಡವನಾಗಿರುವುದು ಅಪರಾಧವಲ್ಲ. ಮೊದಲು ‘ಸಂಬಂಧಿತ ಮಾರುಕಟ್ಟೆ’ ಯಾವುದು, ಅದರಲ್ಲಿ ಅವನು ಪ್ರಬಲನೇ, ಆಮೇಲೆ ದುರುಪಯೋಗ ಏನು ಎಂದು ಒಂದರ ಮೇಲೊಂದು ತೋರಿಸಬೇಕು. ಮೊದಲನೆಯದು ಕುಸಿದರೆ ಉಳಿದೆರಡನ್ನು ಆಯೋಗ ನೋಡುವುದೇ ಇಲ್ಲ.

ಮಾರುಕಟ್ಟೆಯ ಗಡಿ ಎಳೆಯುವುದು ಹೀಗೆ. ಕಲ್ಪನೆಯ ಒಂದು ಉದಾಹರಣೆ ತೆಗೆದುಕೊಳ್ಳೋಣ, 20 ಎಂಎಂ ಜಲ್ಲಿ. ವಸ್ತುವಿನ ಕಡೆಯಿಂದ ಕೇಳಿ: ರೇಟು ಹತ್ತು ಪರ್ಸೆಂಟ್ ಏರಿದರೆ ಕಾಂಟ್ರಾಕ್ಟರ್ ಬೇರೆ ಏನನ್ನಾದರೂ ಹಾಕಿ ಕಾಂಕ್ರೀಟ್ ಕಲಸುತ್ತಾನೆಯೇ? ಇಲ್ಲ. ಹಾಗಾದರೆ 20 ಎಂಎಂ ಜಲ್ಲಿಯೇ ಒಂದು ಮಾರುಕಟ್ಟೆ. ಜಾಗದ ಕಡೆಯಿಂದ ಕೇಳಿ: ಟಿಪ್ಪರ್ ಬಾಡಿಗೆ ಕಳೆದರೆ ಎಷ್ಟು ಕಿಲೋಮೀಟರ್ ದೂರದ ಕ್ರಷರ್‌ನಿಂದ ತರಿಸುವುದು ಗಿಟ್ಟುತ್ತದೆ? ಐದಾರು ಕಾಂಟ್ರಾಕ್ಟರ್‌ಗಳ ಲೋಡ್ ಬಿಲ್ಲು, ಟ್ರಿಪ್ ಶೀಟು ಜೋಡಿಸಿದರೆ ಉತ್ತರ ಕಾಗದದ ಮೇಲೇ ಬರುತ್ತದೆ. ‘ಕರ್ನಾಟಕದಲ್ಲಿ ಕಟ್ಟಡ ಸಾಮಗ್ರಿ ಮಾರುಕಟ್ಟೆ’ ಎಂದು ಅಗಲವಾಗಿ ಬರೆದರೆ ಎದುರಾಳಿ ಅದರಲ್ಲಿ ಸಾಸಿವೆ ಕಾಳಾಗುತ್ತಾನೆ. ‘ನಮ್ಮೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಜಲ್ಲಿ ಮಾರುಕಟ್ಟೆ’ ಎಂದು ಕಿರಿದು ಮಾಡಿದರೆ ಆಯೋಗ ನಂಬುವುದಿಲ್ಲ.

ಕನ್ನಡಿಗರಿಗೆ ಹತ್ತಿರದ ಒಂದು ಪ್ರಕರಣವನ್ನು ಇಲ್ಲಿ ನೋಡಲೇಬೇಕು. ಡಬ್ಬಿಂಗ್ ಆದ ಚಿತ್ರ ಮತ್ತು ಧಾರಾವಾಹಿಗಳನ್ನು ಚಿತ್ರೋದ್ಯಮದ ಸಂಘಗಳು ತಡೆಯುತ್ತಿವೆ ಎಂದು ಕನ್ನಡ ಗ್ರಾಹಕರ ಕೂಟ 2012ರಲ್ಲಿ ಆಯೋಗಕ್ಕೆ ಮಾಹಿತಿ ಕೊಟ್ಟಿತು. 2015ರ ಜುಲೈನಲ್ಲಿ ಆದೇಶ ಬಂತು: ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿ ಮೂರು ಸಂಘಗಳಿಗೆ ಒಟ್ಟು ಸುಮಾರು 20 ಲಕ್ಷ ರೂಪಾಯಿ ದಂಡ. ಡಬ್ಬಿಂಗ್ ಬೇಕೋ ಬೇಡವೋ ಎಂಬ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಆ ಮಾಹಿತಿಯ ಚೌಕಟ್ಟನ್ನು ಗಮನಿಸಿ. ‘ನಮಗೆ ನೋಡಲು ಬಿಡಲಿಲ್ಲ’ ಎಂಬ ದುಃಖ ಅದರ ತಿರುಳಾಗಿರಲಿಲ್ಲ. ಪರಸ್ಪರ ಸ್ಪರ್ಧಿಸಬೇಕಾದವರು ಸಂಘದ ಮೂಲಕ ಸೇರಿಕೊಂಡು ಒಂದು ಬಗೆಯ ಸರಕನ್ನೇ ಮಾರುಕಟ್ಟೆಯಿಂದ ಹೊರಗಿಟ್ಟಿದ್ದಾರೆ ಎಂಬುದು ತಿರುಳಾಗಿತ್ತು. ಬಂಗಾಳದಲ್ಲಿ ಇಂಥದ್ದೇ ಡಬ್ಬಿಂಗ್ ಬಹಿಷ್ಕಾರ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಅಲ್ಲಿಯೂ ಆಯೋಗದ ನಿಲುವೇ ಗೆದ್ದಿತು.

ಮೂರನೆಯದು: ಸಾಕ್ಷ್ಯ ಕೂಡಿಸುವುದು

ಎಲ್ಲಕ್ಕಿಂತ ಹೆಚ್ಚು ದಿನ ಇಲ್ಲಿ ಕಳೆಯಿರಿ. ಅರ್ಜಿ ಬರೆಯಲು ಒಂದು ವಾರ ಸಾಕು, ಸಾಕ್ಷ್ಯಕ್ಕೆ ತಿಂಗಳುಗಳೇ ಬೇಕಾಗಬಹುದು.

‘ಎಲ್ಲರ ರೇಟೂ ಒಂದೇ’ ಎಂಬುದೊಂದೇ ಸಾಕ್ಷ್ಯವಾಗದು. ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಗೋದಾಮಿನ ಧಾನ್ಯಕ್ಕೆ ಹುಳ ಹಿಡಿಯದಂತೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗೆ 2009ರ ಮೇನಲ್ಲಿ ಭಾರತೀಯ ಆಹಾರ ನಿಗಮ ಟೆಂಡರ್ ಕರೆದಾಗ ಮೂರು ಕಂಪನಿಗಳೂ ಕಿಲೋಗೆ 388 ರೂಪಾಯಿ ಎಂದೇ ಬರೆದಿದ್ದವು. ಅವುಗಳ ತಯಾರಿಕಾ ವೆಚ್ಚ ಬೇರೆ, ಕಾರ್ಖಾನೆಗಳು ಬೇರೆ. ರೂಪಾಯಿಗೆ ರೂಪಾಯಿ ಹೊಂದಿದ್ದಕ್ಕೆ ಒಪ್ಪುವಂಥ ಕಾರಣ ಕೊಡಲು ಅವುಗಳಿಗೆ ಆಗಲಿಲ್ಲ. 2017ರಲ್ಲಿ ಎಕ್ಸೆಲ್ ಕ್ರಾಪ್ ಕೇರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಳಒಪ್ಪಂದ ಇತ್ತೆಂಬುದನ್ನು ಎತ್ತಿಹಿಡಿಯಿತು. ಮರುವರ್ಷ ಅಡುಗೆ ಅನಿಲ ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಅದೇ ಕೋರ್ಟ್ ಆಯೋಗದ ಆದೇಶವನ್ನು ತಳ್ಳಿಹಾಕಿತು. ಅಲ್ಲಿಯೂ ರೇಟುಗಳು ಒಂದೇ ಥರ ಇದ್ದವು. ಆದರೆ ಕೊಳ್ಳುವವರು ಮೂರೇ ಸರ್ಕಾರಿ ತೈಲ ಕಂಪನಿಗಳು. ಇಂಥ ಮಾರುಕಟ್ಟೆಯಲ್ಲಿ ಮಾತಾಡಿಕೊಳ್ಳದೆಯೂ ಮಾರುವವರು ಒಂದೇ ರೇಟಿಗೆ ಬಂದು ನಿಲ್ಲಬಹುದು ಎಂದಿತು ಕೋರ್ಟ್.

ಆದ್ದರಿಂದ ರೇಟಿನ ಜೊತೆಗೆ ‘ಇನ್ನೊಂದೇನೋ’ ಬೇಕು. ಸಂಘದ ಸಭೆಯ ನಡಾವಳಿ, ಅದರ ಮರುದಿನವೇ ಬದಲಾದ ದರಪಟ್ಟಿ, ಸರ್ಕ್ಯುಲರ್, ವಾಟ್ಸ್‌ಆ್ಯಪ್ ಗುಂಪಿನ ಸಂದೇಶ, ಕಡಿಮೆ ರೇಟಿಗೆ ಮಾರಿದವನಿಗೆ ಸಂಘ ಕೊಟ್ಟ ನೋಟಿಸ್. ಟೆಂಡರ್ ಆದರೆ ಐದಾರು ವರ್ಷದ ಕೋಷ್ಟಕ ಮಾಡಿ: ಯಾವ ಟೆಂಡರ್, ಯಾರು ಎಷ್ಟು ಬರೆದರು, ಯಾರು ಎಲ್1 (ಅತಿ ಕಡಿಮೆ ರೇಟು ಬರೆದವರು), ಯಾರು ಬರಲೇ ಇಲ್ಲ, ಸೋತವನಿಗೆ ಆಮೇಲೆ ಉಪಗುತ್ತಿಗೆ ಸಿಕ್ಕಿತೇ. ಒಮ್ಮೆ ಇವನು ಒಮ್ಮೆ ಅವನು ಎಂಬ ಸರದಿ ಕೋಷ್ಟಕದಲ್ಲಿ ಥಟ್ಟನೆ ಎದ್ದು ಕಾಣುತ್ತದೆ. ಸರ್ಕಾರಿ ಟೆಂಡರ್‌ನ ದರಪಟ್ಟಿಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಎರಡು ಬಿಡ್‌ಗಳಲ್ಲಿ ಒಂದೇ ಕಾಗುಣಿತದ ತಪ್ಪು, ಒಂದೇ ಬ್ಯಾಂಕಿನಲ್ಲಿ ಒಂದೇ ದಿನ ತೆಗೆದ ಅನುಕ್ರಮ ಸಂಖ್ಯೆಯ ಡಿಡಿಗಳು, ಒಂದೇ ಕಂಪ್ಯೂಟರ್‌ನಿಂದ ಸಲ್ಲಿಕೆ ಇವೆಲ್ಲ ನೂರು ಪುಟದ ವಾದಕ್ಕಿಂತ ಗಟ್ಟಿ.

ಮೂರು ಎಚ್ಚರಿಕೆ. ವಾಟ್ಸ್‌ಆ್ಯಪ್, ಇ-ಮೇಲ್, ರೆಕಾರ್ಡಿಂಗ್ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಜೊತೆಗಿರಲಿ. ಹಳೆಯ ಕಾನೂನಿನಲ್ಲಿ ಇದು 65ಬಿ ಆಗಿತ್ತು. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಫೋನ್ ಮಾರಿಬಿಟ್ಟರೆ ಆಮೇಲೆ ಪೇಚಾಟ. ಕನ್ನಡದ ಸರ್ಕ್ಯುಲರ್, ನಡಾವಳಿಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ. ಇನ್ನು, ಸುಳ್ಳು ದಾಖಲೆ ಸೇರಿಸುವ ಆಲೋಚನೆಯೇ ಬೇಡ. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ 45ನೇ ಕಲಂನಲ್ಲಿ ಒಂದು ಕೋಟಿ ರೂಪಾಯಿವರೆಗೆ ದಂಡವಿದೆ.

ನಾಲ್ಕನೆಯದು: ಬರೆಯುವುದು, ಕಳುಹಿಸುವುದು

2009ರ ಸಾಮಾನ್ಯ ನಿಯಮಾವಳಿಯಲ್ಲಿ ಮಾಹಿತಿಯ ನಮೂನೆ ಇದೆ. ನಿಮ್ಮ ಮತ್ತು ಎದುರಾಳಿಗಳ ಹೆಸರು, ವಿಳಾಸ, ಇ-ಮೇಲ್, ಫೋನ್, ನಡೆದದ್ದರ ಸಂಕ್ಷೇಪ, ಉಲ್ಲಂಘನೆಯಾದ ಕಲಂ, ಕೇಳುವ ಪರಿಹಾರ, ದಾಖಲೆಗಳ ಪಟ್ಟಿ, ಇದೇ ವಿಷಯದಲ್ಲಿ ಬೇರೆ ಕೋರ್ಟಿನಲ್ಲಿರುವ ವ್ಯಾಜ್ಯಗಳ ವಿವರ. ಕೊನೆಯದನ್ನು ಮುಚ್ಚಿಡಬೇಡಿ. ಎದುರಾಳಿ ಅದನ್ನು ಖಂಡಿತ ಹೊರಗೆಳೆಯುತ್ತಾನೆ, ಆಗ ನಿಮ್ಮ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ವ್ಯಕ್ತಿಯಾದರೆ ಅವರೇ, ಸಂಘವಾದರೆ ಅಧ್ಯಕ್ಷ ಅಥವಾ ಕಾರ್ಯದರ್ಶಿ ಸಹಿ ಮಾಡಬೇಕು. ಜೊತೆಗೆ ಅಫಿಡವಿಟ್ ಬೇಕು.

ಮೊದಲ ಪ್ಯಾರಾ ಹೇಗಿರಬೇಕು? ‘ನಾನು 22 ವರ್ಷದಿಂದ ಪ್ರಾಮಾಣಿಕವಾಗಿ ವ್ಯಾಪಾರ ಮಾಡುತ್ತಿದ್ದು, ಎದುರುದಾರರು ನನ್ನನ್ನು ಹಾಳು ಮಾಡಲು ಸಂಚು ಹೂಡಿದ್ದಾರೆ’ ಎಂದು ಶುರು ಮಾಡಿದರೆ ಓದುವವರು ಇದನ್ನು ಖಾಸಗಿ ಜಗಳದ ಗುಂಪಿಗೆ ಹಾಕುತ್ತಾರೆ. ‘ಈ ಜಿಲ್ಲೆಯಲ್ಲಿ ಇಷ್ಟು ಸ್ಟಾಕಿಸ್ಟರಿದ್ದಾರೆ, ಇಂಥ ದಿನಾಂಕದ ಸರ್ಕ್ಯುಲರಿನ ನಂತರ ಸಂಘದ ಎನ್‌ಒಸಿ ಇಲ್ಲದೆ ಹೊಸಬರೊಬ್ಬರೂ ನೇಮಕವಾಗಿಲ್ಲ, ಅನುಬಂಧ 3 ನೋಡಿ’ ಎಂದು ಬರೆದರೆ ಆಯೋಗಕ್ಕೆ ಬೇಕಾದದ್ದು ಮೂರು ಸಾಲಿನಲ್ಲೇ ಸಿಗುತ್ತದೆ. ನಿಮ್ಮ ಸ್ವಂತ ಕಥೆ ಎರಡನೇ ಪುಟದಲ್ಲಿ, ಒಂದು ನಿದರ್ಶನವಾಗಿ ಬರಲಿ.

ಹೆಸರು ಬಯಲಾದರೆ ವ್ಯಾಪಾರವೇ ನಿಂತೀತು ಎಂಬ ಭಯ ನಿಜವಾದದ್ದು. ಗುರುತು ಗೋಪ್ಯವಾಗಿಡುವಂತೆ ಅರ್ಜಿಯ ಜೊತೆಗೇ ಲಿಖಿತವಾಗಿ ಕೇಳಿ. ಆದರೆ ಲಗತ್ತಿಸಿದ ಇನ್‌ವಾಯ್ಸ್‌ನಲ್ಲಿ ನಿಮ್ಮ ಅಂಗಡಿಯ ಹೆಸರು ಹಾಗೇ ಉಳಿದರೆ ಕೇಳಿದ್ದೆಲ್ಲ ವ್ಯರ್ಥ. ಗೋಪ್ಯ ಪ್ರತಿ ಒಂದು, ಸಾರ್ವಜನಿಕ ಪ್ರತಿ ಒಂದು ಬೇರೆ ಬೇರೆ ಮಾಡಿ.

ಶುಲ್ಕ ವ್ಯಕ್ತಿಗೆ, ಗ್ರಾಹಕ ಸಂಘಕ್ಕೆ, ಸಹಕಾರ ಸಂಘಕ್ಕೆ, ಟ್ರಸ್ಟಿಗೆ 5,000 ರೂಪಾಯಿ. ಅಂಗಡಿ, ಕಂಪನಿಗಳಿಗೆ ವಹಿವಾಟಿನ ಮೇಲೆ ಏರುತ್ತದೆ. ಕಟ್ಟುವ ದಿನದ ದರವನ್ನು ಜಾಲತಾಣದಲ್ಲಿ ನೋಡಿಯೇ ಕಟ್ಟಿ. ಕಚೇರಿ ದೆಹಲಿಯ ಕಿದ್ವಾಯಿ ನಗರ ಪೂರ್ವದಲ್ಲಿದೆ. ದಕ್ಷಿಣದ ರಾಜ್ಯಗಳಿಗೆ ಚೆನ್ನೈನಲ್ಲಿ ಪ್ರಾದೇಶಿಕ ಕಚೇರಿ ಇದೆ. ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.

ಗಡುವು ಮರೆಯಬೇಡಿ. 2023ರ ತಿದ್ದುಪಡಿಯ ನಂತರ, ಘಟನೆ ನಡೆದ ಮೂರು ವರ್ಷದೊಳಗೆ ಮಾಹಿತಿ ಸಲ್ಲಿಸಬೇಕು. ತಡವಾದರೆ ಸಕಾರಣ ತೋರಿಸಿ ಮನ್ನಿಸಲು ಕೇಳಬೇಕು. ಇದೇ ಸಂಗತಿಯನ್ನು ಆಯೋಗ ಹಿಂದೆಯೇ ತೀರ್ಮಾನಿಸಿದ್ದರೆ ಹೊಸ ಅರ್ಜಿಯನ್ನು ತೆಗೆದುಕೊಳ್ಳದಿರಬಹುದು, ಹಾಗಾಗಿ ಹಳೆಯ ಆದೇಶಗಳಲ್ಲಿ ಒಮ್ಮೆ ಹುಡುಕಿ.

ಆಮೇಲೆ ಏನಾಗುತ್ತದೆ

ನ್ಯೂನತೆಗಳಿದ್ದರೆ ಕಚೇರಿ ತಿಳಿಸುತ್ತದೆ, ಕೊಟ್ಟ ಸಮಯದಲ್ಲಿ ಸರಿಪಡಿಸಿ. ನಂತರ ಮೇಲ್ನೋಟಕ್ಕೆ ಪ್ರಕರಣ ಇದೆಯೇ ಎಂದು ಸದಸ್ಯರು ನೋಡುತ್ತಾರೆ. ಇದೆ ಎಂದರೆ 26(1)ರಲ್ಲಿ ಡಿಜಿಗೆ ತನಿಖೆಗೆ ಆದೇಶ. ಇಲ್ಲ ಎಂದರೆ 26(2)ರಲ್ಲಿ ಮುಕ್ತಾಯ. ತನಿಖೆಯ ಆದೇಶ ಬರೀ ಆಡಳಿತಾತ್ಮಕ, ಅದಕ್ಕೆ ಮೇಲ್ಮನವಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಆದರೂ ದೊಡ್ಡ ಕಂಪನಿಗಳು ಹೈಕೋರ್ಟಿಗೆ ರಿಟ್ ಹಾಕುತ್ತವೆ. ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ 2020ರ ಜನವರಿಯಲ್ಲಿ ಆದೇಶಿಸಿದ ತನಿಖೆಗೆ ಮರು ತಿಂಗಳೇ ಕರ್ನಾಟಕ ಹೈಕೋರ್ಟಿನಲ್ಲಿ ತಡೆ ಸಿಕ್ಕಿತು. ಏಕಸದಸ್ಯ ಪೀಠ, ವಿಭಾಗೀಯ ಪೀಠ, ಸುಪ್ರೀಂ ಕೋರ್ಟ್ ಎಲ್ಲ ದಾಟಿ ತನಿಖೆಗೆ ದಾರಿ ತೆರೆದದ್ದು 2021ರ ಆಗಸ್ಟ್‌ನಲ್ಲಿ. ತಾಳ್ಮೆಗೂ ಒಂದು ಬಜೆಟ್ ಇಟ್ಟುಕೊಳ್ಳಬೇಕು. ಕನ್ನಡ ಗ್ರಾಹಕರ ಕೂಟದ ಪ್ರಕರಣಕ್ಕೂ ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಸರಿಪಡಿಸಲಾಗದ ಹಾನಿ ಆಗುತ್ತಿದ್ದರೆ 33ನೇ ಕಲಂನಲ್ಲಿ ಮಧ್ಯಂತರ ಆದೇಶ ಕೇಳಿ.

ಒಮ್ಮೆ ಸಲ್ಲಿಸಿದ ಮೇಲೆ ಎದುರಾಳಿಯೊಂದಿಗೆ ರಾಜಿ ಮಾಡಿಕೊಂಡು ‘ವಾಪಸ್ ತೆಗೆದುಕೊಳ್ಳುತ್ತೇನೆ’ ಎಂದರೆ ಮುಗಿಯುವುದಿಲ್ಲ. ಪ್ರಕರಣ ಆಗ ಮಾರುಕಟ್ಟೆಯದು, ಆಯೋಗ ಮುಂದುವರಿಸಬಹುದು. 2023ರ ತಿದ್ದುಪಡಿ ತಂದ ಇತ್ಯರ್ಥ (ಹಣ ಕಟ್ಟಿ ಮುಗಿಸುವುದು) ಮತ್ತು ಬದ್ಧತೆಯ (ನಡವಳಿಕೆ ಬದಲಿಸುವ ಮಾತು ಕೊಡುವುದು) ದಾರಿ ಕಂಪನಿ ಮತ್ತು ಆಯೋಗದ ನಡುವಿನದು, ಅದೂ ಕಾರ್ಟೆಲ್‌ಗಳಿಗೆ, ಅಂದರೆ ಒಳಒಪ್ಪಂದ ಮಾಡಿಕೊಂಡ ಪ್ರತಿಸ್ಪರ್ಧಿಗಳ ಗುಂಪಿಗೆ, ಇಲ್ಲ.

ನೀವೇ ಆ ಗುಂಪಿನಲ್ಲಿದ್ದು ಹೊರಬರಬೇಕೆಂದಿದ್ದರೆ ದಾರಿ ಬೇರೆ, ಅದು 46ನೇ ಕಲಂನ ದಂಡ ಕಡಿತ. ಮೊದಲು ಬಂದು ಪೂರ್ತಿ ಬಿಚ್ಚಿಟ್ಟವರಿಗೆ ನೂರಕ್ಕೆ ನೂರರವರೆಗೆ, ಎರಡನೆಯವರಿಗೆ 50, ಮೂರನೆಯವರಿಗೆ 30 ಪರ್ಸೆಂಟ್‌ವರೆಗೆ ವಿನಾಯಿತಿ ಸಿಗಬಹುದು. ಇಲ್ಲಿ ಸರದಿಯೇ ಎಲ್ಲ. ವಕೀಲರಿಗೆ ಇಂದೇ ಫೋನ್ ಮಾಡಿ, ಸಂಘದ ಗೆಳೆಯರಿಗೆ ಮಾತ್ರ ಸುಳಿವು ಕೊಡಬೇಡಿ.

ಗೆದ್ದರೆ ಏನು? ಆಯೋಗ ಆ ನಡವಳಿಕೆ ನಿಲ್ಲಿಸಲು ಹೇಳುತ್ತದೆ, ಕಳೆದ ಮೂರು ವರ್ಷದ ಸರಾಸರಿ ವಹಿವಾಟಿನ ಹತ್ತು ಪರ್ಸೆಂಟ್‌ವರೆಗೆ ದಂಡ ಹಾಕಬಹುದು. ಕಾರ್ಟೆಲ್ ಆದರೆ ಅದು ನಡೆದ ಪ್ರತಿ ವರ್ಷದ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಹತ್ತು ಪರ್ಸೆಂಟ್, ಯಾವುದು ಹೆಚ್ಚೋ ಅಲ್ಲಿಯವರೆಗೆ. ಆ ಹಣ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ, ನಿಮಗೆ ಒಂದು ರೂಪಾಯಿಯೂ ಬರುವುದಿಲ್ಲ. ನಿಮ್ಮ ನಷ್ಟ ಬೇಕಿದ್ದರೆ ಆದೇಶ ಬಂದ ಮೇಲೆ 53ಎನ್ ಕಲಂನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ, ಅಂದರೆ ಎನ್‌ಸಿಎಲ್‌ಎಟಿಗೆ, ಬೇರೆ ಅರ್ಜಿ ಹಾಕಬೇಕು. ಅಲ್ಲಿ ನಷ್ಟದ ಮೊತ್ತ ಲೆಕ್ಕ ಸಮೇತ ತೋರಿಸಬೇಕಾಗುತ್ತದೆ, ಆದ್ದರಿಂದ ಮೊದಲ ದಿನದಿಂದಲೇ ಬಿಲ್ಲು, ಲೆಡ್ಜರ್, ತಪ್ಪಿಹೋದ ಆರ್ಡರುಗಳ ಪತ್ರ ಒಂದು ಫೈಲಿನಲ್ಲಿ ಬೇರೆಯಾಗಿ ಇಡಿ.

ಅರ್ಜಿ ಮುಚ್ಚಿದರೂ ಮೇಲ್ಮನವಿ ಹೋಗುವುದು ಅದೇ ನ್ಯಾಯಮಂಡಳಿಗೆ. ಆದೇಶದ ಪ್ರತಿ ಕೈಸೇರಿದ 60 ದಿನದೊಳಗೆ ಹಾಕಬೇಕು. ಅಂಚೆಯ ಲಕೋಟೆಯನ್ನು ಎಸೆಯಬೇಡಿ, ಕೈಸೇರಿದ ದಿನಕ್ಕೆ ಅದರ ಮೇಲಿನ ಮೊಹರೇ ಸಾಕ್ಷಿ.